ಸದ್ಯಕ್ಕೆ

ಹೂವಿನ ಚಕ್ರ ಬಾಗಿಲಲ್ಲಿ ಸಿಕ್ಕಿಕೊಂಡಿತು. ಕಂಪನಿಯ ಇಬ್ಬರು ಅದನ್ನು ಅಡ್ಡ ಮಾಡಿದರು, ಓರೆ ಮಾಡಿದರು, ಕೊನೆಗೆ ತಲೆಕೆಳಗು ಮಾಡಿ ತೂರಿಸಲು ನೋಡಿದರು. ಒಳಗಿದ್ದವರು "ಈ ಕಡೆ ಎತ್ತಿ, ಆ ಕಡೆ ಇಳಿಸಿ" ಎಂದು ಪುಕ್ಕಟೆ ಸಲಹೆ ಕೊಟ್ಟರು. ಹಾಸಿಗೆ ಕಂಪನಿ ಬೆಳೆದ ಹಾಗೆ ಅದು ಸಾವಿನ ಮನೆಗೆ ಕಳಿಸುವ ಹೂವೂ ಬೆಳೆದಿತ್ತು. ಕೆಲಸದವರ ಮನೆಯ ಬಾಗಿಲು ಮಾತ್ರ ಇದ್ದಷ್ಟೇ ಇತ್ತು. ಹಿಂದೆ ನಿಂತಿದ್ದ ಕಂಪನಿಯ ಒಡತಿಗೆ ಮುಖ ಎಲ್ಲಿ ಇಟ್ಟುಕೊಳ್ಳಬೇಕೋ ತಿಳಿಯಲಿಲ್ಲ.

"ಹೊರಗೇ ಇಡ್ರಪ್ಪ, ಸಾಕು," ಎಂದಳು.

ಮುಂದಿನ ಕೋಣೆಯ ಮಂಚದ ಮೇಲೆ, ಕಂಪನಿಯಲ್ಲಿದ್ದು ತೀರಿಕೊಂಡ ಹಿರಿಯರನ್ನು ಮಲಗಿಸಿ ಗಲ್ಲದವರೆಗೆ ಬಿಳಿ ಹೊದಿಕೆ ಹೊದಿಸಿದ್ದರು. ಅವರ ಹೆಂಡತಿ ಎದ್ದು ಬಂದು ಒಡತಿಯ ಕೈ ಹಿಡಿದುಕೊಂಡು, ಅಡುಗೆಮನೆಯ ಬಾಗಿಲ ಹತ್ತಿರ ಕರೆದೊಯ್ದರು.

"ನೀವು ಬರಲ್ಲ ಅಂತಿದ್ದ ನನ್ನ ತಮ್ಮ. ಬಂದೇ ಬರ್ತಾರೆ ಅಂದೆ. ಮೇಡಂ, ಒಂದು ಉಪಕಾರ ಮಾಡ್ಬೇಕು. ಗಾಡಿ ಬರೋ ಮುಂಚೆ ನಾಲ್ಕು ಜನದ ಎದುರು ಹೇಳಿ, ಇವರು ಅಲ್ಲಿ ಏನಾಗಿದ್ರು ಅಂತ."

"ಏನಾಗಿದ್ರು ಅಂದ್ರೆ..."

"ಮನೇಲಿ ಬಾಯೇ ಬಿಡ್ತಿರ್ಲಿಲ್ಲ. ಕೇಳಿದ್ರೆ ನಕ್ಕುಬಿಡೋರು. ನನ್ನ ತಮ್ಮ ಇಷ್ಟು ವರ್ಷ ಆಡ್ಕೊಂಡಿದ್ದಾನೆ, ಭಾವ ಅಲ್ಲಿ ಕುರ್ಚಿ ಕಾಯ್ತಾರೆ ಅಂತ. ಇವತ್ತೊಂದಿನ ಅವನ ಬಾಯಿ ಮುಚ್ಚಿಸಿ."

"ಖಂಡಿತ," ಎಂದುಬಿಟ್ಟಳು ಒಡತಿ. ಕಂಪನಿಯ ಕಾಗದದಲ್ಲಿ ಅವರ ಹುದ್ದೆ ಏನೆಂದು ಅವಳಿಗೂ ಗೊತ್ತಿರಲಿಲ್ಲ.

ಹೊರಗೆ ಹೂವಿನ ಚಕ್ರಕ್ಕೆ ಒರಗಿ ನಿಂತಿದ್ದ ಸಿಬ್ಬಂದಿ ಮ್ಯಾನೇಜರನನ್ನು ಮೆಲ್ಲಗೆ ಕೇಳಿದಳು. "ಇವರು ಯಾವ ವಿಭಾಗ?"

"ನಿಜ ಹೇಳ್ಲಾ ಮೇಡಂ? ನಾನು ಬಾಗಿಲು ಕಾಯೋರು ಅಂದ್ಕೊಂಡಿದ್ದೆ. ಯಾರು ಬಂದ್ರೂ ಎದ್ದು ನಿಲ್ತಿದ್ರಲ್ಲ. ಒಂದ್ಸಲ ಕೇಳಿದ್ದೆ, ಏನು ಸರ್ ನಿಮ್ಮ ಹುದ್ದೆ ಅಂತ. 'ಸದ್ಯಕ್ಕೆ ಇಲ್ಲಿದ್ದೀನಪ್ಪ' ಅಂದ್ರು."

ಒಡತಿಯ ಮುಖಕ್ಕೆ ಹೊಡೆದಂತಾಯಿತು. ಆ ಪದ ಅವಳದು.

*

ಕಂಪನಿ ಇನ್ನೂ ಒಂದು ಶೆಡ್ಡಿನಲ್ಲಿದ್ದಾಗ ಅವರು ಎಲ್ಲರಿಗೂ ಅಣ್ಣ. ಒಡತಿ ಹೊಲಿಗೆ ಯಂತ್ರದ ಮುಂದೆ, ಅಣ್ಣ ಫೋನಿನ ಮುಂದೆ, ನಡುವೆ ಹತ್ತಿಯ ಗುಡ್ಡೆ. ಹಾಸಿಗೆ ಗಟ್ಟಿಯಾಯಿತೆಂದು ಯಾರಾದರೂ ಕೂಗಾಡಿದರೆ ಅಣ್ಣ ಗಾಬರಿ ಬೀಳುತ್ತಿರಲಿಲ್ಲ. "ಇವತ್ತೊಂದು ರಾತ್ರಿ ಮಲಗಿ ನೋಡಿ. ಬೆಳಿಗ್ಗೆ ಎದ್ದು ಹೊಟ್ಟೆ ತುಂಬಾ ಬೈಯಿರಿ, ನಾನಿಲ್ಲೇ ಇರ್ತೀನಿ" ಎನ್ನುತ್ತಿದ್ದರು. ಬೆಳಿಗ್ಗೆ ಬೈಯಲು ಫೋನ್ ಮಾಡಿದವರು ಕಡಿಮೆ. ಇನ್ನೊಂದು ಹಾಸಿಗೆ ಬೇಕೆಂದವರೇ ಹೆಚ್ಚು. ಆ ಕಂಪನಿ ಮೇಲೆ ಬಂದದ್ದೇ ಹಾಗೆ.

ಬಂದದ್ದಾದರೂ ಎಂಥ ವೇಗದಲ್ಲಿ! ಹೋಟೆಲುಗಳಿಂದ, ಹಾಸ್ಟೆಲುಗಳಿಂದ ಬೇಡಿಕೆ ನುಗ್ಗಿತು. ಶೆಡ್ಡು ಹೋಗಿ ಕಟ್ಟಡ ಬಂತು. ಬಣ್ಣ ಒಣಗುವ ಮೊದಲೇ ಅದೂ ಸಾಲದಾಯಿತು. ಬೆಳಿಗ್ಗೆ ಸೇರಿಕೊಂಡವನು ಮಧ್ಯಾಹ್ನ ಸೇರಿಕೊಂಡವನಿಗೆ ಕೆಲಸ ಕಲಿಸುತ್ತಿದ್ದ. ಕುರ್ಚಿ ಸಾಲದೆ ಲೆಕ್ಕದವರು ಹಾಸಿಗೆಗಳ ಮೇಲೆ ಕೂತು ಕೆಲಸ ಮಾಡಿದರು, ಅಂದರೆ ತೂಕಡಿಸಿದರು. ಯಾವುದನ್ನೂ ಕೂತು ಯೋಚಿಸಲು ಪುರುಸೊತ್ತಿಲ್ಲದ ಒಡತಿ ಎಲ್ಲಕ್ಕೂ ಒಂದೇ ಪದ ಹಿಡಿದುಕೊಂಡಳು. ಸದ್ಯಕ್ಕೆ ಇಲ್ಲಿ ಕೂತ್ಕೊಳ್ಳಿ. ಸದ್ಯಕ್ಕೆ ಇವರ ಮಾತು ಕೇಳಿ. ಸದ್ಯಕ್ಕೆ ಹೀಗೇ ನಡೀಲಿ. ಹೊಸದಾಗಿ ಬಂದ ಸಲಹೆಗಾರ, ಅಣ್ಣ ಅಕ್ಕ ಎಂದು ಕರೆಯುವುದೆಲ್ಲ ದೊಡ್ಡ ಕಂಪನಿಗೆ ಶೋಭೆಯಲ್ಲ ಎಂದ. ಎಲ್ಲರ ಬಾಯಲ್ಲೂ ಅಣ್ಣ ಸರ್ ಆದರು, ಒಡತಿ ಮೇಡಂ ಆದಳು. ಮೇಲಿನ ಮಹಡಿಯಲ್ಲಿ ಹೊಸ ಫೋನ್ ನಂಬರು, ಕಿವಿಗೆ ಯಂತ್ರ ಸಿಕ್ಕಿಸಿಕೊಂಡ ಹುಡುಗ ಹುಡುಗಿಯರ ಸಾಲು.

"ಅಣ್ಣ, ಹಳೇ ಗಿರಾಕಿಗಳು ಹಳೇ ನಂಬರಿಗೇ ಮಾಡ್ತಾರೆ," ಎಂದಿದ್ದಳು ಅವಳು, ಮೆಟ್ಟಿಲ ಬುಡದಲ್ಲಿ ನಿಂತು. "ಸದ್ಯಕ್ಕೆ ನೀವು ಆ ಫೋನ್ ಹತ್ರ ಕೆಳಗೇ ಇರಿ. ಎಲ್ಲ ಒಂದು ಹದಕ್ಕೆ ಬರ್ಲಿ, ನಾನೇ ಮೇಲೆ ಕರೀತೀನಿ. ನಿಮಗೇ ಅಂತ ಒಂದು ರೂಮು."

"ನೀನು ಕರೆದಾಗ ಬರ್ತೀನಮ್ಮ. ಅವಸರ ಏನು?"

ಹದಕ್ಕೆ ಬರುವ ಕಂಪನಿಯೇ ಅಲ್ಲ ಅದು. ಹಳೇ ಗಿರಾಕಿಗಳು ಹೊಸ ನಂಬರು ಕಲಿತರು, ಕೆಳಗಿನ ಫೋನು ಮೂಕವಾಯಿತು, ಅಣ್ಣ ಮಾತ್ರ ದಿನಾ ಬಂದು ಅದರ ಮುಂದೆ ಕೂತರು. ಒಡತಿ ಹಾದುಹೋದಾಗಲೆಲ್ಲ ಎದ್ದು ನಿಂತರು. ಒಂದು ದಿನ "ಅಮ್ಮಾ, ಒಂದು ನಿಮಿಷ" ಎಂದು ಎರಡು ಹೆಜ್ಜೆ ಮುಂದೆ ಬಂದರು. ಅವಳು ಮೊಬೈಲಿನಲ್ಲಿ ಮಾತಾಡುತ್ತಿದ್ದಳು. ಇರಿ, ಬಂದೆ ಎನ್ನುವ ಹಾಗೆ ಬೆರಳೆತ್ತಿ ಲಿಫ್ಟ್ ಹತ್ತಿದಳು.

ಮರೆತಳು ಎಂದರೆ ಸುಳ್ಳಾದೀತು. ಸಂಜೆ ನೆನಪಾಗಿತ್ತು. ಆದರೆ ಇಷ್ಟು ಕಾಲ ಕರೆಯದವಳು ಈಗ ಯಾವ ಮುಖ ಇಟ್ಟುಕೊಂಡು ಕರೆಯುವುದು? ಮಾರನೆಯ ದಿನದಿಂದ ಕಂಪನಿಯ ಒಡತಿ ತನ್ನದೇ ಕಟ್ಟಡಕ್ಕೆ ಹಿಂದಿನ ಬಾಗಿಲಿನಿಂದ ಕಳ್ಳಿಯ ಹಾಗೆ ಓಡಾಡತೊಡಗಿದಳು.

*

"ಗಾಡಿ ಬಂತು," ಎಂದು ಬೀದಿಯಿಂದ ಯಾರೋ ಕೂಗಿದರು.

"ಇರ್ರಿ, ಮೇಡಂ ಏನೋ ಹೇಳ್ತಾರಂತೆ," ಎಂದ ಹೆಂಡತಿಯ ತಮ್ಮ, ಕೈಕಟ್ಟಿ ಗೋಡೆಗೆ ಆತುಕೊಂಡು. "ನಮಗೂ ಗೊತ್ತಾಗ್ಲಿ."

ಒಡತಿ ಮಂಚದ ಪಕ್ಕ ನಿಂತಳು. ನಿಜ ನಾಲಗೆಯ ತುದಿಗೆ ಬಂದಿತ್ತು. ಇವರನ್ನು ಕೆಳಗೆ ಕೂರಿಸಿ ಮುಖ ತಪ್ಪಿಸಿಕೊಂಡು ತಿರುಗಿದೆ ಎಂದುಬಿಟ್ಟರೆ ಅವಳ ಎದೆ ಹಗುರಾಗುತ್ತಿತ್ತು. ಹೆಂಡತಿ ಕಣ್ಣು ಮಿಟುಕಿಸದೆ ಅವಳ ಬಾಯನ್ನೇ ನೋಡುತ್ತಿದ್ದರು.

"ಇವರು ನಮ್ಮ ಗ್ರಾಹಕ ವಿಭಾಗದ ಮುಖ್ಯಸ್ಥರು," ಎಂದಳು. "ಮೇಲಿನ ಮಹಡೀಲಿ ಇವರದೇ ರೂಮಿತ್ತು. ಇವರನ್ನ ಕೇಳದೆ ಅಲ್ಲಿ ಒಂದು ಹುಲ್ಲುಕಡ್ಡಿ ಅಲ್ಲಾಡ್ತಿರ್ಲಿಲ್ಲ."

ಬಾಗಿಲಲ್ಲಿ ನಿಂತ ಸಿಬ್ಬಂದಿ ಮ್ಯಾನೇಜರ್ ಜೋರಾಗಿ ತಲೆಯಾಡಿಸಿದ. ಅವನಿಗೆ ಸಂಬಳ ಕೊಡುವುದೇ ಅದಕ್ಕೆ.

"ಕೇಳಿಸ್ಕೊಂಡ್ಯೇನೋ?" ಎಂದರು ಹೆಂಡತಿ.

ತಮ್ಮನ ಕಟ್ಟಿದ ಕೈ ಬಿಚ್ಚಿಕೊಂಡಿತು. "ಭಾವ ಒಂದು ಮಾತೂ ಹೇಳ್ಲಿಲ್ವಲ್ಲಕ್ಕ. ನಾನು ಏನೇನೆಲ್ಲ ಅಂದುಬಿಟ್ಟೆ..." ಅವನು ಮುಖ ಗೋಡೆಗೆ ತಿರುಗಿಸಿಕೊಂಡ. ತಾನು ಪಡಬೇಕಾದ ನಾಚಿಕೆಯನ್ನು ಅವನು ಪಡುತ್ತಿದ್ದಾನೆ ಎಂದು ಒಡತಿಗೆ ಇನ್ನಷ್ಟು ನಾಚಿಕೆಯಾಯಿತು.

ಹೆಂಡತಿ ಹೊದಿಕೆಯನ್ನು ಎದೆಯವರೆಗೆ ಇಳಿಸಿದರು. ಒಳಗೆ ಕಪ್ಪು ಕೋಟು.

"ನೋಡಿ, ನಿಮ್ಮ ಹೊಸ ಕಟ್ಟಡ ಆದಾಗ ಹೊಲಿಸಿದ್ದು. ಮೇಲ್ಗಡೆ ಎಸಿ ಜಾಸ್ತಿ ಅಂತ. ಆಫೀಸಲ್ಲೇ ಇಟ್ಕೊಂಡಿದ್ರು, ಹೋದ ತಕ್ಷಣ ಹಾಕ್ಕೊಳ್ಳೋರಂತೆ. ಇವತ್ತೇ ಅಲ್ಲಿಂದ ತರಿಸಿ ಹಾಕಿಸ್ದೆ. ಎಷ್ಟು ಜೋಪಾನ ಮಾಡಿದ್ದಾರೆ ನೋಡಿ, ಹೊಸದರ ಹಾಗೇ ಇದೆ." ಅವರು ಒಂದು ಕನ್ನಡಕ ತೆಗೆದು ಒಡತಿಯ ಕೈಗಿಟ್ಟರು. "ಇದು ನೀವೇ ಜೇಬಲ್ಲಿಡಿ ಮೇಡಂ. ಇದಿಲ್ದೆ ಅವರಿಗೆ ಏನೂ ಕಾಣಲ್ಲ."

ಒಡತಿ ಕೋಟಿನ ಎದೆಯ ಮೇಲಿನ ಜೇಬಿಗೆ ಕನ್ನಡಕ ಇಳಿಸಲು ಹೋದಳು. ಅದು ಇಳಿಯಲಿಲ್ಲ. ಬೆರಳಾಡಿಸಿ ನೋಡಿದಳು. ಜೇಬಿನ ಬಾಯಿಗೆ ಬಟ್ಟೆಯ ಬಣ್ಣದ್ದೇ ದಾರದಲ್ಲಿ ಕಚ್ಚಾ ಹೊಲಿಗೆ ಬಿದ್ದಿತ್ತು. ಹೊಸ ಕೋಟಿನ ಆಕಾರ ಕೆಡದಿರಲೆಂದು ದರ್ಜಿ ಹಾಕಿ ಕಳಿಸುವ, ಹಾಕಿಕೊಂಡವರು ಮೊದಲ ದಿನವೇ ಬಿಚ್ಚಿಕೊಳ್ಳುವ ಹೊಲಿಗೆ.

"ಯಾಕೆ ಮೇಡಂ, ಹೋಗ್ತಿಲ್ವಾ?" ಹೆಂಡತಿ ಹತ್ತಿರ ಬಂದರು.

"ಹೋಗುತ್ತೆ, ಹೋಗುತ್ತೆ." ಒಡತಿ ಅಣ್ಣನ ಮೈಮೇಲೆ ಬಾಗಿ ಜೇಬನ್ನು ಮರೆ ಮಾಡಿಕೊಂಡಳು. ಉಗುರಿಗೆ ದಾರ ಸಿಕ್ಕಲಿಲ್ಲ. ಇನ್ನೂ ಬಾಗಿದಳು.

ಹಿಂದೆ ನಿಂತವರಿಗೆ ಆಕೆ ಎದೆಯ ಮೇಲೆ ಮುಖವಿಟ್ಟು ಅಳುತ್ತಿರುವಂತೆ ಕಂಡಿತು. "ಸಮಾಧಾನ ಮಾಡ್ಕೊಳ್ಳಿ ಮೇಡಂ," ಎಂದು ಹೆಂಡತಿ ಬೆನ್ನು ಸವರಿದರು. ಒಡತಿ ಒಂದೊಂದೇ ಹೊಲಿಗೆಯನ್ನು ಹಲ್ಲಿನಿಂದ ಕಚ್ಚಿ ಬಿಡಿಸುತ್ತಿದ್ದಳು.