ಅಂಜೂರದ ಉಂಡೆ

ಗಾಯಕ್ಕೆ ಸುತ್ತಿದ್ದ ಬಟ್ಟೆ ಬಿಚ್ಚುವ ಮೊದಲೇ ಪ್ರೇಮಾಬಾಯಿ ಉಸಿರು ಬಿಗಿಹಿಡಿದಳು. ಗಂಡನ ಕಾಲಿನ ವಾಸನೆ ಈಗ ಬಾಗಿಲ ಹೊರಗೂ ಬರುತ್ತಿತ್ತು. ಅದು ತನಗೆ ಬರುತ್ತಲೇ ಇಲ್ಲ ಎಂಬಂತೆ ಮುಖ ಮಾಡಿಕೊಳ್ಳುವುದು ಅವಳ ದಿನದ ಮೊದಲ ಕೆಲಸವಾಗಿಬಿಟ್ಟಿತ್ತು. ಕೊನೆಯ ಸುತ್ತು ಗಾಯಕ್ಕೆ ಅಂಟಿಕೊಂಡಿತ್ತು. ಉಪ್ಪುನೀರು ಹನಿಸಿ ಮೆಲ್ಲಗೆ ಎಳೆದಳು. ಹೆಬ್ಬೆರಳಿನ ಕಪ್ಪು ಪಾದಕ್ಕೂ ಏರಿತ್ತು.

"ನೋಯ್ತದೇನ್ರಿ?"

"ಏನೂ ಗೊತ್ತೇ ಆಗಲ್ದು," ಎಂದ ಕಾಶೆಪ್ಪ ಖುಷಿಯಿಂದ. "ನೋವು ಹೋಗ್ಯದ ಅಂದ್ರ ವಾಸಿ ಆಗ್ಲತ್ತದ ಅಂದಂಗ. ವಾಕ್ಯ ಓದು."

ಅವಳು ಗೂಡಿನಲ್ಲಿದ್ದ ಚೀಟಿ ತೆಗೆದು ಓದಿದಳು. ನಿನ್ನ ಪ್ರಾರ್ಥನೆ ಕೇಳಿದ್ದೇನೆ, ಕಣ್ಣೀರು ನೋಡಿದ್ದೇನೆ, ನಿನ್ನನ್ನು ಗುಣಪಡಿಸುತ್ತೇನೆ ಎಂದು ದೇವರು ಹೇಳಿದ ಮಾತು ಅದರಲ್ಲಿತ್ತು. ಕಾಶೆಪ್ಪ ಕಣ್ಣು ಮುಚ್ಚಿ "ಆಮೆನ್" ಎಂದ.

ಮಹಾರಾಷ್ಟ್ರದ ಗಡಿಯ ಔರಾದ ಶಹಾಜನಿಯ ಅವರ ಪುಟ್ಟ ಚರ್ಚಿನಲ್ಲಿ ಹೊಸ ವರ್ಷದ ಆರಾಧನೆ ಮುಗಿದ ಮೇಲೆ ಒಂದು ಬುಟ್ಟಿ ತಿರುಗುತ್ತದೆ. ಅದರ ತುಂಬ ಪಾಸ್ಟರಮ್ಮ ಕೈಯಾರೆ ಬರೆದ ವಾಗ್ದಾನದ ಚೀಟಿಗಳು, ಒಂದೊಂದರಲ್ಲಿ ಬೈಬಲಿನ ಒಂದೊಂದು ವಾಕ್ಯ. ಕಣ್ಣು ಮುಚ್ಚಿ ಎತ್ತಿದ್ದೇ ಆ ವರ್ಷಕ್ಕೆ ದೇವರು ಕೊಟ್ಟ ಮಾತು. ಹಲ್ಲಿಲ್ಲದ ಮುದುಕಿಗೆ ಸಂತಾನದ ವಾಕ್ಯ ಬಂದು ಚರ್ಚೆಲ್ಲ ನಕ್ಕದ್ದೂ ಉಂಟು. ಈ ವರ್ಷ ಕಾಶೆಪ್ಪನಿಗೆ ಬಂದ ವಾಕ್ಯಕ್ಕೆ ಮಾತ್ರ ಯಾರೂ ನಗಲಿಲ್ಲ. ಅವನು ಗೌಂಡಿ ಕೆಲಸದವನು. ಕಟ್ಟುತ್ತಿದ್ದ ಮನೆಯೊಂದರಲ್ಲಿ ಮೊಳೆ ತುಳಿದಿದ್ದ. ಮೊದಲೇ ಸಕ್ಕರೆ ಕಾಯಿಲೆಯ ಮೈ, ಗಾಯ ಮಾಯಲೊಲ್ಲದು. ಇಂಥವನ ಕೈಗೆ ಇಂಥ ಮಾತು! ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡಿದ್ದರು.

ಮನೆಗೆ ಬಂದವನೇ ಕೇಳಿದ್ದ, "ದೇವರೇ ಮಾತು ಕೊಟ್ಟಾನಲ್ಲ, ಇನ್ನ ಆ ಇನ್ಸುಲಿನ್ ಸೂಜಿ ಯಾಕ?"

"ನಂಬಿದ ಮ್ಯಾಲ ಪೂರಾ ನಂಬಬೇಕ್ರಿ," ಎಂದಿದ್ದಳು ಪ್ರೇಮಾಬಾಯಿ.

ಅವಳ ಮಾತಿಗೆ ತೂಕವಿತ್ತು. ಭಾಲ್ಕಿ ಕಡೆಯಿಂದ ಮದುವೆಯಾಗಿ ಬರುವಾಗ ತವರಿನ ಕನ್ನಡ ಬೈಬಲನ್ನು ಎದೆಗವಚಿಕೊಂಡು ಬಂದವಳು. ಮರಾಠಿ ಶಾಲೆಗೆ ನಾಲ್ಕು ದಿನ ಹೋಗಿ ಬಿಟ್ಟ ಕಾಶೆಪ್ಪನಿಗೆ ಕನ್ನಡದ ಅಕ್ಷರವೇ ಬಾರದು. ಅವಳು ಓದಿದ್ದೇ ಅವನಿಗೆ ದೇವರ ಮಾತು. ಚರ್ಚಿನಲ್ಲೂ ಅವಳು 'ಓದೋ ಪ್ರೇಮಾಬಾಯಿ'. ಹಾಗೆ ಕರೆಸಿಕೊಳ್ಳುವುದು ಅವಳಿಗೆ ಇಷ್ಟವಿತ್ತು, ಸುಳ್ಳು ಯಾಕೆ ಹೇಳಬೇಕು? ಮುರುಮಕ್ಕೆ ಕೊಟ್ಟ ಮಗಳು ವಿಜಯಶ್ರೀ ಫೋನಿನಲ್ಲಿ ಅತ್ತು ಕರೆದು ದವಾಖಾನೆಗೆ ಒಯ್ಯಿರೆಂದಾಗಲೆಲ್ಲ, "ನಿನಗ ವಿಶ್ವಾಸ ಕಮ್ಮಿ ಅದ," ಎಂದು ಬಾಯಿ ಮುಚ್ಚಿಸುತ್ತಿದ್ದಳು.

ಈ ದಿನ ವಾಕ್ಯ ಓದಿದ ಮೇಲೆ ಹೊಸ ಬಟ್ಟೆ ಸುತ್ತುವಾಗ ಮೊಣಕೈ ತಗುಲಿ ಚೀಟಿ ಉಪ್ಪುನೀರಿನ ಬೋಗುಣಿಗೆ ಬಿತ್ತು. ತೆಗೆಯುವಷ್ಟರಲ್ಲಿ ಮಸಿ ಹರಡಿ ಹೋಗಿತ್ತು. ಕೆಳಗಿನ ಮೂಲೆಯಲ್ಲಿ ಬರೆದಿದ್ದ ಪುಸ್ತಕದ ಹೆಸರು, ಅಧ್ಯಾಯ, ವಚನ ಅಷ್ಟೇ ಉಳಿದಿದ್ದವು. ಊಟವಾಗಿ ಗಂಡನಿಗೆ ನಿದ್ದೆ ಹತ್ತಿದ ಮೇಲೆ, ಇನ್ನೊಂದು ಚೀಟಿ ಬರೆದಿಟ್ಟರಾಯಿತು ಎಂದು ಬೈಬಲ್ ಹಿಡಿದು ಹೊಸ್ತಿಲ ಬಳಿ ಕುಳಿತಳು.

ಕೀರ್ತನೆಗಳ ಹಾಳೆಗಳು ಅವಳ ಬೆರಳಿಗೆ ಸವೆದು ಕಪ್ಪಾಗಿದ್ದವು. ಚೀಟಿ ಹೆಸರಿಸಿದ್ದ ಅರಸರ ಚರಿತ್ರೆಯ ಹಾಳೆಗಳು ಮಾತ್ರ ಇನ್ನೂ ಒಂದಕ್ಕೊಂದು ಅಂಟಿಕೊಂಡಿದ್ದವು. ತನ್ನದೇ ಪುಸ್ತಕದಲ್ಲಿ ತಾನು ಕಾಲಿಡದ ಕೋಣೆ ಇದೆಯೆಂದು ಅವಳಿಗೆ ನಾಚಿಕೆಯಾಯಿತು. ಉಗುರಿನಿಂದ ಬಿಡಿಸಿದಳು. ಐದನೆಯ ವಚನ ಸಿಕ್ಕಿತು, ಬರೆದುಕೊಂಡಳು. ಪೆನ್ನು ಮುಚ್ಚುವಾಗ ಕಣ್ಣು ತಾನಾಗಿ ಕೆಳಗಿಳಿಯಿತು.

ಎರಡೇ ವಚನ ಕೆಳಗೆ, ದೇವರ ಆ ಮಾತನ್ನು ರೋಗಿ ಅರಸನಿಗೆ ಮುಟ್ಟಿಸಿದ ಪ್ರವಾದಿಯೇ ಅಂಜೂರದ ಹಣ್ಣಿನ ಉಂಡೆ ತರಿಸಿದ್ದ. ಅದನ್ನು ಅರಸನ ಹುಣ್ಣಿಗೆ ಕಟ್ಟಿದ್ದರು. ಆಮೇಲೆ ಅವನು ಗುಣವಾಗಿದ್ದ.

ಅವಳು ಪುಸ್ತಕವನ್ನು ಬೆಳಕಿಗೆ ಹಿಡಿದಳು. ಮತ್ತೆ ಓದಿದಳು, ಬೆರಳಿಟ್ಟು ಓದಿದಳು. ಗುಣಪಡಿಸುತ್ತೇನೆಂದು ದೇವರೇ ಹೇಳಿದ ಮೇಲೂ ಅವರು ಮದ್ದು ಕಟ್ಟಿದ್ದರು. ಪುಸ್ತಕ ಹಿಡಿದೇ ಒಳಗೆ ಹೋಗಿ ಗಂಡನ ಭುಜ ಅಲುಗಿಸಿದಳು.

"ರೀ, ಏಳ್ರಿ. ದವಾಖಾನಿಗಿ ಹೋಗಮ್ರಿ."

"ಮತ್ತ ವಿಜಯಶ್ರೀ ಫೋನ್ ಮಾಡ್ಯಾಳೇನು?"

"ಇಲ್ರಿ. ವಾಕ್ಯದಾಗೇ ಅದ." ಅವಳು ಓದಿ ತೋರಿಸಿದಳು.

ಕಾಶೆಪ್ಪ ಅವಳ ಮುಖವನ್ನೇ ನೋಡಿದ. "ಹೆದರಿ ನೀನೇ ಸೇರಿಸಿ ಓದ್ಲತ್ತಿ."

ಅವಳು ಅವನ ತೋರುಬೆರಳು ಹಿಡಿದು ಆ ಸಾಲಿನ ಮೇಲಿಟ್ಟಳು. "ಇಲ್ಲಿ ನೋಡ್ರಿ."

"ನನಗೇನು ಕಾಣ್ತದ, ಇರುವಿ ಸಾಲು ಕಂಡಂಗ ಕಾಣ್ತದ. ಪುಸ್ತಕದ ಮ್ಯಾಲ ಕೈ ಇಟ್ಟು ಹೇಳು."

ಪ್ರೇಮಾಬಾಯಿ ಕೈ ಇಟ್ಟಳು. "ಅದರಾಗ ಅದ ರೀ. ನಾನೇ ಓದಿದ್ದಿಲ್ಲ."

ಅವನು ತನ್ನ ಬೆರಳು ಹಿಂದೆಗೆದುಕೊಂಡ. ಆಮೇಲೆ ಕೇಳಿದ, "ಚೀಟಿ ಬಂದ ದಿನಾನೇ ಯಾಕ ಓದ್ಲಿಲ್ಲ? ಒಂದ ಇಟ್ಟಂಗಿ ತೋರ್ಸಿ ಮನಿ ಕಟ್ಟಿ ಮುಗೀತು ಅಂದ್ಯಲ್ಲ, ಪ್ರೇಮಾ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು. ಅವನು ಬೈಯಲಿಲ್ಲ. ಅವಳು ಮುಖ ತಿರುಗಿಸಿಕೊಂಡು ಮಗಳಿಗೆ ಫೋನ್ ಹಚ್ಚಿದಳು.

ಅಳಿಯ ಧನರಾಜ ವಿಜಯಶ್ರೀಯನ್ನು ಕೂರಿಸಿಕೊಂಡು ಜೀಪು ತಂದ. ಉದಗೀರದ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಕಾಶೆಪ್ಪನ ಮೈ ಕೆಂಡವಾಗಿತ್ತು. ಡಾಕ್ಟರು ಬಟ್ಟೆ ಬಿಚ್ಚಿ ನೋಡಿ, ಇಷ್ಟು ದಿನ ಎಲ್ಲಿದ್ದಿರಿ ಎಂದು ಮರಾಠಿಯಲ್ಲಿ ಕೇಳಿದರು. ವಿಷ ಮೇಲಕ್ಕೇರಿದೆ, ಮೊಣಕಾಲಿನ ಮೇಲಿನಿಂದ ಕಾಲು ತೆಗೆಯಬೇಕು, ತೆಗೆದರೂ ಉಳಿಯುತ್ತಾನೆಂದು ಹೇಳಲಾರೆ ಎಂದರು. ವಿಜಯಶ್ರೀ ತಾಯಿಯ ಕಡೆ ನೋಡಲಿಲ್ಲ.

"ಪುಸ್ತಕ ತಂದೀ?" ಮಂಚದ ಮೇಲಿಂದ ಕಾಶೆಪ್ಪ ಕೇಳಿದ.

"ತಂದೀನ್ರಿ."

"ಮೊದಲಿಂದ ಓದು. ಒಂದೂ ಬಿಡಬ್ಯಾಡ."

ಪ್ರೇಮಾಬಾಯಿ ಅಧ್ಯಾಯ ತೆಗೆದಳು. ಮೊದಲ ವಚನದಲ್ಲೇ ಅವಳ ಬೆರಳು ನಿಂತಿತು. ಅರಸನಿಗೆ ಸಾಯುವ ರೋಗ ಬಂದಿತ್ತು. ನೀನು ಬದುಕುವುದಿಲ್ಲ, ಮನೆಯ ವ್ಯವಸ್ಥೆ ಮಾಡಿಕೋ ಎಂದು ಪ್ರವಾದಿ ಹೇಳಿದ್ದ. ಇದನ್ನು ಹಾರಿಸಿಬಿಡಲೇ ಅನ್ನಿಸಿತು. ಹಾರಿಸಲಿಲ್ಲ.

"ಮುಂದ," ಎಂದ ಕಾಶೆಪ್ಪ.

ಅರಸ ಗೋಡೆಯ ಕಡೆ ಮುಖ ತಿರುಗಿಸಿ ಅತ್ತ ಎಂದು ಓದಿದಳು. ಕಾಶೆಪ್ಪನೂ ತನ್ನ ಪಕ್ಕದ ಗೋಡೆಯನ್ನು ನೋಡಿದ. ಗಾರೆಯ ಉಬ್ಬುತಗ್ಗಿನ ಮೇಲೆ ಬೆರಳಾಡಿಸಿ, "ಗಿಲಾವಾ ನೆಟ್ಟಗ ಬಡಿದಿಲ್ಲ," ಎಂದ. ಅವಳಿಗೆ ನಗು ಬಂತು, ನಗುವಿನ ಹಿಂದೆಯೇ ಅಳು ಬಂತು. ಕಣ್ಣೊರೆಸಿಕೊಂಡು ನಾಲ್ಕನೆಯ ವಚನಕ್ಕೆ ಹೋದಳು. ಅಷ್ಟರಲ್ಲಿ ಸ್ಟ್ರೆಚರ್ ತಳ್ಳಿಕೊಂಡು ಇಬ್ಬರು ಬಂದರು.

"ಇನ್ನ ಸ್ವಲ್ಪೇ ಅದ ರೀ, ಮೂರು ವಚನ," ಎಂದಳು ಅವರಿಗೆ ಕನ್ನಡದಲ್ಲಿ. ಅವರಿಗೆ ತಿಳಿಯಲಿಲ್ಲ. ಕಾಶೆಪ್ಪನನ್ನು ಎತ್ತಿ ಮಲಗಿಸಿಕೊಂಡು ಹೊರಟರು. ಕಾರಿಡಾರಿನ ತುದಿಯ ಬಾಗಿಲು ಅವನ ಹಿಂದೆ ಮುಚ್ಚಿಕೊಂಡಿತು.

ಅವಳು ತಿರುಗಿ ಬಂದು ಖಾಲಿ ಮಂಚದ ಪಕ್ಕದ ಸ್ಟೂಲಿನ ಮೇಲೆ ಕುಳಿತಳು. ಎಲ್ಲಿ ನಿಲ್ಲಿಸಿದ್ದಳೋ ಅಲ್ಲಿಂದ, ಆ ಬಾಗಿಲಾಚೆ ಅವನಿಗೆ ಕೇಳಿಸುವಷ್ಟು ಗಟ್ಟಿಯಾಗಿ ಓದತೊಡಗಿದಳು. ಪಕ್ಕದ ಮಂಚದವರು ತಿರುಗಿ ನೋಡಿದರು.

"ಅವ್ವ," ಎಂದಳು ವಿಜಯಶ್ರೀ, "ಯಾರಿಗಿ ಓದ್ಲತ್ತಿ?"

ಪ್ರೇಮಾಬಾಯಿ ತಲೆ ಎತ್ತಲಿಲ್ಲ. ಬೆರಳು ಐದನೆಯ ವಚನ ದಾಟಿ ಆರಕ್ಕೆ ಬಂದಿತ್ತು; ಅಂಜೂರದ ಉಂಡೆ ಇನ್ನೊಂದೇ ವಚನ ಕೆಳಗಿತ್ತು.