ವಕೀಲರಿಗೊಂದು ಪ್ರತಿ

೧. ಎಲ್ಲಿಂದ ಶುರು ಮಾಡಲಿ? ವಾಷಿಂಗ್ಟನ್ನಿನ ಕೋರ್ಟಿನಿಂದ ಹೊರಟರೆ ಗಾಂಭೀರ್ಯ ಬರುತ್ತದೆ, ನಿಮಗೆ ನಿದ್ದೆಯೂ ಬರುತ್ತದೆ. ನೂರು ವರ್ಷಕ್ಕೂ ಹಿಂದಿನ ಎಣ್ಣೆ ಕಂಪನಿಯಿಂದ ಹೊರಟ ಕರಡನ್ನು ನನ್ನ ಕಥಾನಾಯಕಿ ಲೋರ್ನಾಳೇ ಹರಿದು ಹಾಕಿದಳು.

"ಎಣ್ಣೆ ಕಂಪನಿ, ನಮ್ಮ ಮುತ್ತಾತನ ಪುರಾಣ ಆಮೇಲೆ. ಮೊದ್ಲು ನನ್ನ ತಮ್ಮ ಮಾಡಿದ್ದು ಹೇಳು."

೨. ಸರಿ. ತಮ್ಮ ಎಲ್ವುಡ್, ಜಗತ್ತೆಲ್ಲ ಇಂಟರ್ನೆಟ್ ಹುಡುಕಾಟಕ್ಕೆ ಬಳಸುವ ದೊಡ್ಡ ಕಂಪನಿಯಲ್ಲಿ ಎಂಜಿನಿಯರ್. ಒಹಾಯೋದಲ್ಲಿ ಲೋರ್ನಾ ಹಳೇ ಟ್ರ್ಯಾಕ್ಟರಿನ ಬಿಡಿಭಾಗ ಹುಡುಕಿಕೊಡುವ ಪುಟ್ಟ ವೆಬ್‌ಸೈಟ್ ನಡೆಸುತ್ತಿದ್ದಳು. ಏಳು ಜನ ಅದರ ಅನ್ನ ತಿನ್ನುತ್ತಿದ್ದರು. ಮೇಲಿನವರು ಹೇಳಿದರೆಂದು ಎಲ್ವುಡ್ ಅಂಥ ಸೈಟುಗಳನ್ನೆಲ್ಲ ಮೊದಲ ಪುಟದಿಂದ ಆರನೇ ಪುಟಕ್ಕೆ ತಳ್ಳಿದ. ಆರನೇ ಪುಟಕ್ಕೆ ದೇವರೂ ಹೋಗುವುದಿಲ್ಲ. ಅಕ್ಕನ ಅಂಗಡಿ ಮುಚ್ಚಿತು.

(ಇಲ್ಲಿ ಅವನನ್ನು ಖಳನಾಯಕ ಮಾಡಲು ನೋಡಿದೆ. ಆಸಾಮಿ ಒಪ್ಪಲಿಲ್ಲ: "ಕ್ಷಮೆ ಕೇಳಿ ಮೇಲ್ ಬರೆದಿದೀನಲ್ಲ ಸ್ವಾಮಿ.")

೩. ಬರೆದಿದ್ದ, ನಿಜ. 'ಬೇಕಂತಲೇ ತಳ್ಳಿದ್ವಿ, ನಿನ್ನಂಥವರು ಬೆಳೀಬಾರ್ದು ಅಂತ.' ಆದರೆ ಆ ಕಂಪನಿಯಲ್ಲಿ ಒಂದು ರೂಢಿ: ಏನೇ ಬರೆದರೂ ವಕೀಲರಿಗೊಂದು ಪ್ರತಿ. ವಕೀಲರ ಜೊತೆಗಿನ ಪತ್ರವನ್ನು ಕೋರ್ಟು ಸುಲಭಕ್ಕೆ ಕೇಳುವಂತಿಲ್ಲ. ಹನ್ನೆರಡು ವರ್ಷದ ಅಭ್ಯಾಸ ನೋಡಿ, ಅಕ್ಕನಿಗೆ ಬರೆದ ಕ್ಷಮಾಪಣೆಗೂ ಈ ಪುಣ್ಯಾತ್ಮ ವಕೀಲರನ್ನು ಸೇರಿಸಿದ್ದ. ಕಂಪನಿಯ ಏಕಸ್ವಾಮ್ಯದ ವಿರುದ್ಧ ಸರ್ಕಾರ ವಾಷಿಂಗ್ಟನ್ನಿನಲ್ಲಿ ಹೂಡಿದ ಮೊಕದ್ದಮೆಯಲ್ಲಿ, ಅದು ಗುಟ್ಟಿನ ಪತ್ರವೋ ಅಲ್ಲವೋ ಎಂಬ ವಾದವೇ ಮೂರು ತಿಂಗಳಿಂದ ನಡೆದಿದೆ.

"ಕಾಗದ ಬಿಡು. ನಾಳೆ ಸಾಕ್ಷಿಕಟ್ಟೆ ಹತ್ತಿದಾಗ ಬಾಯಲ್ಲಿ ಹೇಳು," ಎಂದಳು ಲೋರ್ನಾ, ಕೋರ್ಟಿನ ಕ್ಯಾಂಟೀನಿನಲ್ಲಿ ಅರ್ಧ ಸ್ಯಾಂಡ್‌ವಿಚ್ ಅವನತ್ತ ತಳ್ಳುತ್ತ. "ಮುತ್ತಾತ ಎಣ್ಣೆ ಕಂಪನಿಯ ತಂತಿ ಗುಮಾಸ್ತ. ಎಲ್ಲಾ ಗುಪ್ತಪದದಲ್ಲೇ ಕಳಿಸ್ತಿದ್ದ, ಸಾಯೋವರೆಗೂ ಬಾಯಿ ಬಿಡ್ಲಿಲ್ಲ. ಮನೆತನದ ಕಸುಬು ಚೆನ್ನಾಗಿ ಉಳಿಸ್ಕೊಂಡಿದೀಯ."

"ಆ ಕಂಪನೀನ ಕೋರ್ಟೇ ಒಡೀತಲ್ಲ ಅಕ್ಕ, ಮೂವತ್ನಾಲ್ಕು ತುಂಡು. ಧಣಿ ಇನ್ನೂ ಶ್ರೀಮಂತನಾದ. ಸಾಕ್ಷಿ ಹೇಳಿದವ್ರಿಗೆ ಏನು ಬಂತು?"

"ನನ್ನ ಏಳು ಜನ, ನಾನೇ ಕೆಲಸ ಕೆಡಿಸ್ದೆ ಅಂದ್ಕೊಂಡಿದಾರೆ ಕಣೋ. ನನಗೆ ಆ ಅಪವಾದ ಹೋದ್ರೆ ಸಾಕು."

೪. ಅಂತ್ಯಗಳಿವೆ, ಬೇಕಾದ್ದು ಆರಿಸಿ. ಒಂದು: ಕಂಪನಿ ಒಡೆಯುತ್ತದೆ, ತುಂಡೊಂದೊಂದೂ ಕೊಬ್ಬುತ್ತದೆ. ಎರಡು: ದಂಡ ಬೀಳುತ್ತದೆ, ಕಂಪನಿಗೆ ಸೊಳ್ಳೆ ಕಚ್ಚಿದ ಹಾಗೆ.

(ಲೋರ್ನಾ ಎರಡನ್ನೂ ಹೊಡೆದು ಹಾಕಿದಳು. "ಕಂಪನಿದು ನಿನಗ್ಯಾಕೆ? ನನ್ನ ತಮ್ಮಂದು ಬರಿ.")

೫. ಸಾಕ್ಷಿಕಟ್ಟೆಯಲ್ಲಿ ಎಲ್ವುಡ್. "ನಿಮ್ಮಕ್ಕನ ಸೈಟನ್ನು ಕೆಳಗೆ ತಳ್ಳಿದ್ದು ಯಾಕೆ?" ಎಂದು ಸರ್ಕಾರಿ ವಕೀಲೆ ಕೇಳುತ್ತಾಳೆ. ಅಭ್ಯಾಸಬಲದಿಂದ ಅವನು ಕಂಪನಿಯ ವಕೀಲರತ್ತ ನೋಡುತ್ತಾನೆ. ಆಮೇಲೆ ಮೂರನೇ ಸಾಲಿನಲ್ಲಿ ಕೂತ ಅಕ್ಕನತ್ತ. ಆಮೇಲೆ ನನ್ನತ್ತ.

"ನೀವೇ ಹೇಳ್ಬಿಡಿ," ಎನ್ನುತ್ತಾನೆ. "ಕಥೆ ನಿಮ್ದು. ಎಲ್ಲಾ ಹೇಳಿದೀರಿ, ಕಂಪನಿ ಹೆಸರೊಂದು ಬಿಟ್ಟು. ಯಾಕೆ?"

ಈ ಕರಡನ್ನು ಯಾರಿಗೆಲ್ಲ ಕಳಿಸಿದ್ದೆನೆಂದು ನೆನಪಾಗಿ ನಾಚಿಕೆಯಾಯಿತು. (ಸಂಪಾದಕರಿಗೆ. ಮತ್ತು ಪರಿಚಯದ ವಕೀಲರೊಬ್ಬರಿಗೆ.)

ಲೋರ್ನಾ ನಮ್ಮಿಬ್ಬರನ್ನೂ ನೋಡುತ್ತ ಕೂತಿದ್ದಾಳೆ. ಎಲ್ವುಡ್ ನೀರು ಕುಡಿಯುತ್ತಾನೆ. ನಾನೂ ಕುಡಿಯುತ್ತೇನೆ.