ಸುಯಾತಿಯ ಬೂಷ್ಟು

ಸುಯಾತಿಗೆ ಬೂಷ್ಟು ಸಿಗಲಿಲ್ಲ.

ಉಳಿದದ್ದೆಲ್ಲ ಶಿಕಾರಿಪುರದಲ್ಲಿ ಒಂದೊಂದಾಗಿ ಸಿಕ್ಕಿತ್ತು. ಮೂರು ವರ್ಷ ಹಿಡಿಯಿತು, ಅಷ್ಟೆ. ಅವಳ ಊರಲ್ಲಿ ಸಾರಿಗೆ ಹಾಕುವ ಗಂಟುಬೇರು ಇಲ್ಲಿ ಗ್ರಂಥಿಗೆ ಅಂಗಡಿಯಲ್ಲಿ ಕೆಮ್ಮಿನ ಔಷಧಿಯಾಗಿ ಒಣಗಿ ಕೂತಿತ್ತು. ಒಣಸಿಗಡಿ ಸಂತೆಯಲ್ಲಿ ಸಿಗುತ್ತಿತ್ತು. ಹುಣಸೆ, ಬೆಲ್ಲ, ತೆಂಗು, ಬಾಳೆಲೆಗೆ ಯಾರನ್ನೂ ಕೇಳಬೇಕಾಗಿರಲಿಲ್ಲ. ಸೋಯಾ ಅಂತೂ ಸುತ್ತಲ ಹೊಲಗಳಲ್ಲೇ ಬೆಳೆಯುತ್ತಿತ್ತು. ಅದನ್ನು ಯಾರೂ ಮನೆಯಲ್ಲಿ ಬೇಯಿಸಿ ತಿನ್ನುವುದಿಲ್ಲ ಎಂಬುದೊಂದು ಅವಳಿಗೆ ಅರ್ಥವಾಗದ ಸಂಗತಿ.

ಅವಳ ಗಂಡ ಹಫೀಜ್ ಮಲೇಶಿಯಾದ ಕಾರ್ಖಾನೆಯೊಂದರಲ್ಲಿ ಎಂಟು ವರ್ಷ ಮೋಟಾರು ರಿಪೇರಿ ಮಾಡಿದವನು. ಅಲ್ಲಿನ ಕ್ಯಾಂಟೀನಿನಲ್ಲಿ ಕೆಲಸಕ್ಕಿದ್ದ ಈ ಜಾವಾ ದ್ವೀಪದ ಹೆಂಗಸನ್ನು ನಿಕಾಹ್ ಮಾಡಿಕೊಂಡು ಊರಿಗೆ ಕರೆತಂದಿದ್ದ. ಈಗ ಬಸ್ ಸ್ಟ್ಯಾಂಡಿನ ಹಿಂದೆ ವೈಂಡಿಂಗ್ ಅಂಗಡಿ ಇಟ್ಟುಕೊಂಡಿದ್ದ. ಅಂಜನಾಪುರದ ಕಡೆ ಸುಟ್ಟುಹೋದ ಪಂಪ್‌ಸೆಟ್ಟುಗಳೆಲ್ಲ ಅವನಲ್ಲಿಗೇ ಬರುತ್ತಿದ್ದವು. ಸುಯಾತಿಗೆ ಮನೆಯ ಉರ್ದು ಕೊನೆಗೂ ನಾಲಿಗೆಗೆ ಹತ್ತಲಿಲ್ಲ. ಓಣಿಯ ಕನ್ನಡ ಹತ್ತಿತು. ಹಾಗಾಗಿ ಅತ್ತೆ ಖುರ್ಷಿದಾ ಸೊಸೆಯ ಜೊತೆ ಕನ್ನಡದಲ್ಲೇ ಮಾತಾಡುತ್ತಿದ್ದಳು.

ಬೂಷ್ಟು ಬೇಕಾದದ್ದು ತೆಂಪೆಗೆ. ಸೋಯಾ ನೆನೆಸಿ, ಬೇಯಿಸಿ, ಸಿಪ್ಪೆ ತೆಗೆದು, ಅದಕ್ಕೆ ಒಂದು ಬಿಳಿ ಪುಡಿ ಸವರಿ, ಸಾಗುವಾನಿ ಎಲೆಯಲ್ಲಿ ಕಟ್ಟಿ ಬೆಚ್ಚಗಿಡಬೇಕು. ಎರಡು ದಿನದಲ್ಲಿ ಬಿಳಿ ಬೂಷ್ಟು ಬೆಳೆದು ಕಾಳನ್ನೆಲ್ಲ ಹಿಡಿದು ಗಟ್ಟಿ ಬಿಲ್ಲೆ ಮಾಡುತ್ತದೆ. ಹೋಳು ಮಾಡಿ ಕರಿದರೆ ಊಟಕ್ಕಾಯಿತು. ಪುಡಿಯಲ್ಲಿರುವುದು ಆ ಬೂಷ್ಟಿನ ಬೀಜ. ಹೆಪ್ಪಿಲ್ಲದೆ ಹಾಲು ಮೊಸರಾಗದ ಹಾಗೆ ಪುಡಿಯಿಲ್ಲದೆ ತೆಂಪೆ ಇಲ್ಲ. ಸುಯಾತಿಯ ತಾಯಿ ನಲವತ್ತು ವರ್ಷ ತೆಂಪೆ ಮಾಡಿ ಸಂತೆಯಲ್ಲಿ ಮಾರಿ ಐದು ಮಕ್ಕಳನ್ನು ಸಾಕಿದ್ದಳು.

ಆ ತಾಯಿ ಆಷಾಢದಲ್ಲಿ ಸತ್ತಳು. ಸುಯಾತಿಯ ಪಾಸ್‌ಪೋರ್ಟಿನ ಅವಧಿ ಮುಗಿದು ಎರಡು ತಿಂಗಳಾಗಿತ್ತು, ನೋಡಿಕೊಂಡಿರಲಿಲ್ಲ. ತಪ್ಪು ಅವಳದೇ. ಮಣ್ಣು ಮಾಡುವುದನ್ನು ಫೋನಿನಲ್ಲಿ ನೋಡಿದಳು, ಅದೂ ನಡುವೆ ಎರಡು ಸಲ ಕಡಿದುಹೋಯಿತು. ಅವರ ಕಡೆ ನೂರನೇ ದಿನ ದೊಡ್ಡದು. ಸತ್ತವರ ಹೆಸರಲ್ಲಿ ದುವಾ ಮಾಡಿ, ಅವರ ಕೈಯಡುಗೆ ಯಾವುದಿತ್ತೋ ಅದನ್ನು ಮಾಡಿ ಓಣಿಗೆ ಉಣಿಸುತ್ತಾರೆ. ಆ ದಿನ ಈ ಮನೆಯಲ್ಲಿ ತೆಂಪೆ ಮಾಡಲೇಬೇಕೆಂದು ಸುಯಾತಿ ಹಟ ಹಿಡಿದಳು. ಮಣ್ಣಿಗೆ ಹೋಗದವಳು ಇದನ್ನಾದರೂ ಮಾಡಬೇಕು ಎಂಬುದು ಅವಳ ಲೆಕ್ಕ.

ಪುಡಿಯಿಲ್ಲದೆ ಒಮ್ಮೆ ಮಾಡಿ ನೋಡಿದಳು. ಕಾಳು ಕೊಳೆತು ನಾರಿತು. ಖುರ್ಷಿದಾ ಮೂಗಿಗೆ ಸೆರಗು ಹಿಡಿದು ಅದನ್ನು ತಿಪ್ಪೆಗೆ ಸುರಿದುಬಂದಳು.

"ಬೂಷ್ಟೇ ಬೇಕಂದ್ರೆ ನನ್ನ ಅಂಗಡಿ ಗೋಡೇಲಿ ಬೇಕಾದಷ್ಟು ಐತೆ, ಕೆರ್ಕೊಂಡು ಬಾ," ಎಂದು ಹಫೀಜ್ ನಕ್ಕ. ಅವಳು ಎರಡು ದಿನ ಅವನ ಜೊತೆ ಮಾತಾಡಲಿಲ್ಲ. ಆಮೇಲೆ ಅವನೇ ಆನ್‌ಲೈನಿನಲ್ಲಿ ಹುಡುಕಿ ಆರ್ಡರ್ ಹಾಕಿದ. ಹತ್ತು ದಿನ ಬಿಟ್ಟು ಸ್ಟಾಕಿಲ್ಲವೆಂದು ಮೆಸೇಜು ಬಂತು. ಅವಳ ಅಣ್ಣ ಎರಡು ಸಲ ಅಂಚೆಯಲ್ಲಿ ಕಳಿಸಿದ. ಒಂದು ವಾಪಸು ಹೋಯಿತು, ಇನ್ನೊಂದು ಎಲ್ಲಿದೆಯೋ ಗೊತ್ತಿಲ್ಲ.

ಮಾವ ಅಜಮತ್ ಉಲ್ಲಾ ಉಮ್ರಾಕ್ಕೆ ಹೊರಟಾಗ ದಾರಿ ಕಂಡಿತು. ಶಿಕಾರಿಪುರ, ಸೊರಬದಿಂದ ಹದಿನಾಲ್ಕು ಜನ ಹೊರಟಿದ್ದರು. ಮೆಕ್ಕಾದಲ್ಲಿ ತನ್ನ ದೇಶದವರ ಅಂಗಡಿಗಳಿವೆ ಎಂದು ಸುಯಾತಿ ಕೇಳಿ ಬಲ್ಲಳು. ಪುಡಿಯ ಹೆಸರನ್ನು ತನ್ನ ಭಾಷೆಯಲ್ಲಿ ಚೀಟಿಯಲ್ಲಿ ಬರೆದುಕೊಟ್ಟಳು. ತಗಡಿನ ಪೆಟ್ಟಿಗೆ ಬಡಿದು ಬದುಕಿದ ಅಜಮತ್ ಉಲ್ಲಾ ಹೇಳಿದ ಕೆಲಸ ಮರೆಯುವವನಲ್ಲ. ಅಲ್ಲಿಂದ ಫೋನು ಮಾಡಿ ವರದಿ ಕೊಟ್ಟ: ಅಂಗಡಿಯಲ್ಲಿ ಪುಡಿ ಇರಲಿಲ್ಲ, ಸೋಯಾ ಸಾಸಿನ ಬಾಟಲಿ ಒಂದು ಕೊಂಡೆ, ನಿನಗೆ ಆಗುತ್ತದೆಂದು. ಆದರೆ ಅಂಗಡಿಯವನು ಒಬ್ಬ ಹೆಂಗಸಿನ ಮನೆ ತೋರಿಸಿದ. ಕೂಲಿಯವರಿಗೆ ಅಡುಗೆ ಮಾಡಿ ಹಾಕುವವಳು, ನಿಮ್ಮ ಕಡೆಯವಳೇ. ಚೀಟಿ ಓದಿ, ಯಾರಿಗೆ ಎಂದು ಕೇಳಿ, ತನ್ನ ಡಬ್ಬಿಯಲ್ಲಿದ್ದದ್ದನ್ನೆಲ್ಲ ಕಾಗದದಲ್ಲಿ ಕಟ್ಟಿಕೊಟ್ಟಳು. ದುಡ್ಡು ಮುಟ್ಟಲಿಲ್ಲ.

ಅವನು ವಾಪಸಾಗುವುದು ತೊಂಬತ್ತಾರನೇ ದಿನ. ಸುಯಾತಿ ಬೆರಳು ಮಡಚಿ ಎಣಿಸಿದಳು. ಅಂದು ಸಂಜೆ ಬೇಯಿಸಿ, ಆರಿಸಿ, ಪುಡಿ ಸವರಿ ಕಟ್ಟಿಟ್ಟರೆ ತೊಂಬತ್ತೊಂಬತ್ತಕ್ಕೆ ಬಿಲ್ಲೆ ತಯಾರು.

ಗೊಬ್ಬರದಂಗಡಿಯ ಸೋಯಾ ಬೀಜಕ್ಕೆ ಕೆಂಪು ಔಷಧಿ ಬಳಿದಿರುತ್ತದೆ. ಅದಕ್ಕೆ ತಾಳಗುಂದದ ಕೆಂಪಪ್ಪನ ಕಣಕ್ಕೇ ಹೋಗಿ ಮೂರು ಕೆಜಿ ಹೊಸ ಕಾಳು ತಂದಿದ್ದಳು. ಎಮ್ಮೆಗೋ ಎಂದು ಕೆಂಪಪ್ಪ ಕೇಳಿದ್ದ. ಊಟಕ್ಕೆ ಎಂದಾಗ, "ನಿಮ್ ಹೊಟ್ಟೆ ಗಟ್ಟಿ ಬಿಡವ್ವ," ಎಂದು ಇನ್ನೊಂದು ಹಿಡಿ ಹೆಚ್ಚಿಗೆ ಹಾಕಿದ್ದ. ತೊಂಬತ್ತಾರನೇ ದಿನ ಬೆಳಿಗ್ಗೆ ಕಾಳು ನೆನೆಹಾಕಿ ಅವಳು ಬಸ್ಸು ಹತ್ತಿ ಜಡೆಗೆ ಹೋದಳು. ನಾದಿನಿ ಸಾದಿಯಾಳ ಗಂಡನ ಮನೆ ಅಲ್ಲಿ; ಹಿತ್ತಿಲಲ್ಲಿ ಎರಡು ಸಾಗುವಾನಿ ಮರಗಳಿದ್ದವು. ಹುಳು ತೂತು ಮಾಡದ ಅರವತ್ತು ಎಲೆ ಆರಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು, ಸೊರಬದಲ್ಲಿ ಬಸ್ಸು ಬದಲಾಯಿಸಿ ನಾಲ್ಕು ಗಂಟೆಗೆ ಮನೆ ಮುಟ್ಟಿದಳು.

ಬಾಗಿಲ ಹೊರಗೆ ಚಪ್ಪಲಿಯ ರಾಶಿ ಇತ್ತು. ಒಳಗೆ ಓಣಿಯ ಹೆಂಗಸರೆಲ್ಲ ಕೂತಿದ್ದರು. ಅಜಮತ್ ಉಲ್ಲಾ ಮಧ್ಯಾಹ್ನವೇ ಬಂದು, ಜ್ವರವೆಂದು ಒಳಕೋಣೆಯಲ್ಲಿ ಮಲಗಿದ್ದ. ಮಲಗುವ ಮೊದಲು ಸೊಸೆಯ ಸಾಮಾನು ಬ್ಯಾಗಿನಲ್ಲಿದೆ, ತೆಗೆದಿಡು ಎಂದು ಹೆಂಡತಿಗೆ ಹೇಳಿದ್ದ. ಸಾಮಾನೆಂದರೆ ಬಾಟಲಿಯೇ ಎಂದುಕೊಂಡು ಖುರ್ಷಿದಾ ಅದನ್ನು ತೆಗೆದಿಟ್ಟಿದ್ದಳು. ಪರದೇಶದ ಅಕ್ಷರವಿದ್ದ ಸಾಸಿನ ಬಾಟಲಿ ಅಡುಗೆಮನೆಯ ಶೆಲ್ಫಿನಲ್ಲಿ ನಿಂತಿತ್ತು. ಸುಯಾತಿ ಬ್ಯಾಗು ನೋಡಿದಳು. ಖಾಲಿ.

ನಡುಮನೆಯಲ್ಲಿ ತಟ್ಟೆ ತುಂಬ ಸಣ್ಣ ಕಾಗದದ ಪೊಟ್ಟಣಗಳು ಇದ್ದವೆಂಬುದಕ್ಕೆ ಗುರುತಾಗಿ ಎರಡು ಹರಿದ ಕಾಗದ ಉಳಿದಿದ್ದವು. ಉಮ್ರಾದಿಂದ ಬಂದದ್ದನ್ನು ಒಬ್ಬರೇ ಇಟ್ಟುಕೊಳ್ಳಬಾರದು. ಬಂಧುಬಳಗಕ್ಕೆ, ಓಣಿಗೆ ಹಂಚಬೇಕು. ಮನೆಗೆ ಮೂರು ಖರ್ಜೂರ, ಒಂದು ಮುಚ್ಚಳ ಜಮ್‌ಜಮ್ ನೀರು, ಒಂದು ಚಿಟಿಕೆ ಪುಡಿ. ಖುರ್ಷಿದಾಳ ಅಜ್ಜಿ ಹಿಂದೆ ಹಜ್ಜಿನಿಂದ ಮದೀನಾದ ಮಣ್ಣು ತಂದಿದ್ದಳಂತೆ. ಚಿಟಿಕೆ ಮಣ್ಣು ನೀರಿನಲ್ಲಿ ಕದಡಿ ಕುಡಿಸಿದರೆ ಜ್ವರ ಬಿಡುತ್ತಿತ್ತಂತೆ. ಖರ್ಜೂರ, ಜಪಮಣಿಗಳ ನಡುವೆ ಹೆಸರಿಲ್ಲದ ಬಿಳಿ ಪುಡಿಯನ್ನು ಕಂಡಾಗ ಇದೂ ಅಂಥದ್ದೇ ಎಂದುಕೊಂಡಳು. ಯಾತ್ರೆಯಿಂದ ಬಂದು ಮಲಗಿದವನನ್ನು ಎಬ್ಬಿಸಿ ಕೇಳಲು ಮನಸ್ಸಾಗಲಿಲ್ಲ. ನಲವತ್ತೊಂದು ಮನೆಗೆ ಹಂಚಿಯಾಗಿತ್ತು.

ಎದುರುಮನೆಯ ಬಸವಣ್ಣೆಮ್ಮನೂ ಕುಡಿದಾಗಿತ್ತು. "ಬಾಯಿಗೆ ಒಂಥರಾ ಹಿಟ್ಟಿನಂಗೆ ಆತು, ಒಳಗಿಳಿದ ಮೇಲೆ ಮಂಡಿ ಹಗುರಾತು ನೋಡ್ರಿ," ಎಂದು ಕಾಲು ನೀಡಿ ತೋರಿಸುತ್ತಿದ್ದಳು.

ಸುಯಾತಿ ಎಲೆಯ ಗಂಟನ್ನು ಕೆಳಗಿಟ್ಟಳು. ಅಷ್ಟರಲ್ಲಿ ಖುರ್ಷಿದಾ ಒಂದು ಗಾಜಿನ ಲೋಟ ಹಿಡಿದು ಬಂದಳು. ನೀರು ತಿಳಿಯಾಗಿರಲಿಲ್ಲ, ತಳದಲ್ಲಿ ಬಿಳಿ ಗಸಿ ಸುತ್ತುತ್ತಿತ್ತು.

"ಎಲ್ಲರಿಗೂ ಒಂದು ಚಿಟಿಕೆ. ನಿಂಗೆ ಮೂರು ಹಾಕೀನಿ, ನಿನ್ನ ತಾಯಿ ಹೆಸರಲ್ಲಿ. ಕುಡಿ."

"ಅಮ್ಮಿ, ಇದು..."

"ಗೊತ್ತು. ಮಣ್ಣಿಗೆ ಹೋಗಲಿಲ್ಲ ಅಂತ ಒಳಗೇ ಸಾಯ್ತಿದೀಯ. ನೂರು ದಿನ ಆಗೋದರೊಳಗೆ ಮೆಕ್ಕಾನೇ ಮನೆಗೆ ಬಂತು. ಇನ್ನೇನು ಬೇಕು?"

ಮೂರು ಚಿಟಿಕೆ ಅರ್ಧ ಕೆಜಿ ಕಾಳಿಗೆ ಸಾಲುತ್ತದೆ. ನೀರಲ್ಲಿ ಕದಡಿದ್ದರೂ ಅಡ್ಡಿಯಿಲ್ಲ. ಬೆಂದ ಕಾಳಿನ ಮೇಲೆ ಈ ಲೋಟ ಸುರಿದರೆ ಬೂಷ್ಟು ಹಿಡಿದೀತು. ಇದು ಸುಯಾತಿಗೆ ಗೊತ್ತಿತ್ತು. ಆಮೇಲೆ ಕುಡಿಯುತ್ತೇನೆ ಎಂದರಾಗುತ್ತಿತ್ತು. ಆದರೆ ಖುರ್ಷಿದಾ ಅವಳ ತಲೆಯ ಮೇಲೆ ದುಪಟ್ಟಾ ಸರಿಮಾಡಿ, ಭುಜ ಹಿಡಿದು ಪಶ್ಚಿಮಕ್ಕೆ ತಿರುಗಿಸಿ ನಿಲ್ಲಿಸಿಯಾಗಿತ್ತು. ಮೂರು ವರ್ಷದಲ್ಲಿ ಅವಳು ಸೊಸೆಯನ್ನು ಮುಟ್ಟಿದ್ದು ಕಡಿಮೆ. ಹೆಂಗಸರು ಮಾತು ನಿಲ್ಲಿಸಿ ನೋಡುತ್ತಿದ್ದರು. ಇದು ಕಾಳಿಗೆ ಬೂಷ್ಟು ಹಿಡಿಸುವ ಪುಡಿ ಎಂದು ಹೇಳಿದರೆ, ನಲವತ್ತೊಂದು ಮನೆಯ ಎದುರು ಈ ಹೆಂಗಸು ಮುಖ ಎತ್ತುವಂತಿರಲಿಲ್ಲ.

ಬಿಸ್ಮಿಲ್ಲಾ ಎಂದು ಸುಯಾತಿ ಮೂರು ಗುಟುಕಿಗೆ ಕುಡಿದಳು. ಗಸಿ ಉಳಿಯಿತೆಂದು ಖುರ್ಷಿದಾ ಇನ್ನಷ್ಟು ನೀರು ಹಾಕಿ ತೊಳೆದು ಕೊಟ್ಟಳು. ಅದನ್ನೂ ಕುಡಿದಳು.

ಸಂಜೆ ಎದ್ದ ಅಜಮತ್ ಉಲ್ಲಾನಿಗೆ ವಿಷಯ ತಿಳಿಯಿತು. ಸೊಸೆಯ ಮುಖ ನೋಡದೆ, "ದೇವರ ಹೆಸರಲ್ಲಿ ತಗೊಂಡಾರೆ, ಯಾರಿಗೂ ಏನೂ ಆಗಲ್ಲ. ನಿನ್ನ ಅತ್ತೆಗೆ ಹೇಳಬೇಡಮ್ಮ," ಎಂದ. ಹೇಳುವುದಿಲ್ಲ ಎಂದಳು. ನೆನೆದ ಕಾಳನ್ನು ಎತ್ತಿಕೊಂಡು ಬಸವಣ್ಣೆಮ್ಮನ ಕೊಟ್ಟಿಗೆಗೆ ಹೋದಳು. ಕಾಳು ಯಾಕೆ ಕೊಟ್ಟೆ, ನಿನ್ನ ಅಡುಗೆ ಇಲ್ಲವೇ ಎಂದು ಖುರ್ಷಿದಾ ಕೇಳಿದಳು. ಪುಡಿ ಸಿಗಲಿಲ್ಲವಂತೆ ಎಂದು ಸುಯಾತಿ ಹೇಳಿದಳು. ಖುರ್ಷಿದಾಳಿಗೆ ಪಾಪ ಅನ್ನಿಸಿತು.

ನೂರನೇ ದಿನ ಖುರ್ಷಿದಾ ತಾನೇ ನಿಂತು ಬಿರಿಯಾನಿ ಮಾಡಿಸಿದಳು. ಓಣಿ ಉಂಡು ಹೊಗಳಿತು. ಅಣ್ಣ ವೀಡಿಯೊ ಕಾಲ್ ಮಾಡಿ ತೆಂಪೆ ತೋರಿಸು ಎಂದ. ಖಾಲಿಯಾಯಿತು, ಎಲ್ಲರೂ ತಿಂದರು ಎಂದು ಹೇಳಿ ಫೋನಿಟ್ಟಳು.

ಮೂರು ಕೆಜಿ ಕಾಳು ಎಮ್ಮೆ ತಿಂದಿತು. ಅರವತ್ತು ಎಲೆ ಒಲೆಗೆ ಹೋದವು. ನಲವತ್ತೆರಡು ಬಾಯಿಯಲ್ಲಿ ಒಂದು ಪೊಟ್ಟಣ ಪುಡಿ ಇಳಿಯಿತು, ಅದರಲ್ಲಿ ಒಂದು ಬಾಯಿ ಅವಳದು. ತಾಯಿಯ ನೂರನೇ ದಿನ ಒಂದೇ ಇದ್ದದ್ದು, ಅದೂ ಹೋಯಿತು.